ತಿದ್ದಿದವನ ಸಹಿ

ಈ ಸಂಗತಿಯನ್ನು ಬರೆಯಬೇಕೆಂದು ನಾನು ಕೂತದ್ದು ಇದೇ ಮೊದಲ ಸಲವಲ್ಲ. ನಿವೃತ್ತನಾದ ವರ್ಷವೇ ಇದಕ್ಕೆಂದು ಒಂದು ಒಳ್ಳೆಯ ನೋಟ್‌ಬುಕ್ ತಂದಿದ್ದೆ. ಮೊದಲ ದಿನ ಪೆನ್ನಿಗೆ ಇಂಕು ತುಂಬಿಸಿದೆ. ಎರಡನೆಯ ದಿನ ಹಾಳೆಗೆ ಮಾರ್ಜಿನ್ ಎಳೆದೆ. ಮೂರನೆಯ ದಿನ ಛತ್ರಿ ಕಳೆದುಕೊಳ್ಳುವವರ ಬಗ್ಗೆ ನಾಲ್ಕು ಪುಟ ಬರೆದು ಸಮಾಧಾನಪಟ್ಟುಕೊಂಡೆ. ಆಮೇಲೆ ಹೆಬ್ಬಾಳದ ಕೆರೆಯ ಹಕ್ಕಿಗಳ ಬಗ್ಗೆ ಬರೆದೆ, ಹಲ್ಲುನೋವಿನ ಬಗ್ಗೆ ಬರೆದೆ, ಗಡಿಯಾರಕ್ಕೆ ಕೀಲಿ ಕೊಡುವ ಸುಖದ ಬಗ್ಗೆಯೂ ಬರೆದೆ. ಓದಿದವರು ಚೆನ್ನಾಗಿದೆ ಎಂದರು. ಇದ್ದರೂ ಇದ್ದೀತು. ಬರೆಯಲೇಬೇಕಾದ ಒಂದನ್ನು ಬರೆಯದೆ ತಪ್ಪಿಸಿಕೊಳ್ಳುವವನು ಉಳಿದದ್ದನ್ನೆಲ್ಲ ಬಹಳ ಚೆನ್ನಾಗಿ ಬರೆಯುತ್ತಾನೆ.

ಹೋದ ವಾರ ಮೊಮ್ಮಗಳು ನನ್ನನ್ನು ಸಿಕ್ಕಿಹಾಕಿಸಿದಳು. ಅವಳು ಒಂಬತ್ತನೇ ಕ್ಲಾಸು. ವಿದ್ಯಾರಣ್ಯಪುರದ ನಮ್ಮ ಮನೆಯ ಜಗಲಿಯ ಮೇಲೆ ಕೂತು ಇಂಗ್ಲಿಷ್ ವ್ಯಾಕರಣದ ಟೆಸ್ಟಿಗೆ ತಯಾರಾಗುತ್ತಿದ್ದಳು. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳು.

"ತಾತ, ಇಲ್ಲಿ ಯಾವ್ದು ಬರುತ್ತೆ? 'ಇನ್'ಆ, 'ಆನ್'ಆ?"

"ಆನ್," ಎಂದೆ.

"ಶ್ಯೂರಾ?"

"ಮೂವತ್ತೈದು ವರ್ಷ ಇಂಗ್ಲಿಷ್‌ನಲ್ಲಿ ಕಾಗದ ಬರೆದಿದೀನಿ ಕಣಮ್ಮ."

ಅವಳು ಫೋನಿನಲ್ಲಿ ಒತ್ತಿದಳು. ಅದು ಕೆಂಪಾಯಿತು. "ನಿಮ್ ಆಫೀಸಲ್ಲಿ ಹೆಂಗ್ ಮ್ಯಾನೇಜ್ ಮಾಡಿದ್ರಿ ತಾತ!" ಎಂದು ನಕ್ಕಳು. ನಾನೂ ನಕ್ಕೆ. ಆದರೆ ಆ ಪುಟ್ಟ ಖಾಲಿ ಗೆರೆಯನ್ನೂ ಅದರ ಮೇಲೆ ಕೂತ ತಪ್ಪು ಪದವನ್ನೂ ನೋಡುತ್ತ ನನ್ನ ನಗು ಅರ್ಧಕ್ಕೇ ನಿಂತಿತು. ಖಾಲಿ ಗೆರೆ ಕಂಡರೆ ನನಗೆ ಹಾಗೇ. ಬೇರೆಯವರಿಗೆ ಬಾವಿ ಇಣುಕಿದರೆ ಆಗುತ್ತದಲ್ಲ, ಹಾಗೆ.

ಈ ಬಿಟ್ಟ ಸ್ಥಳ ಎಂಬ ವಸ್ತುವನ್ನು ಯಾರು ಕಂಡುಹಿಡಿದರೋ ತಿಳಿಯದು. ನಮ್ಮ ಮನೆಗಳಲ್ಲಿ ಮಾತೆಲ್ಲ ಬಿಟ್ಟ ಸ್ಥಳಗಳಿಂದಲೇ ನಡೆಯುತ್ತಿತ್ತು. ನಮ್ಮಮ್ಮ ಒಲೆಯ ಮುಂದೆ ಕೂತು, "ಲೇ, ಅದನ್ನ ತಗೊಂಡು ಅದರ ಮೇಲೆ ಇಟ್ಟು, ಅವರಿಗೆ ಅದನ್ನ ಹೇಳಿ ಬಾ" ಎಂದರೆ, ನಾವು ಚೊಂಬನ್ನು ತಗೊಂಡು, ಕಟ್ಟೆಯ ಮೇಲೆ ಇಟ್ಟು, ಪಕ್ಕದ ಮನೆಯವರಿಗೆ ನಾಳೆ ಹಾಲು ಬೇಡ ಎಂದು ಹೇಳಿ ಬರುತ್ತಿದ್ದೆವು. ಒಂದು ಸಲವೂ ತಪ್ಪಾದ ನೆನಪಿಲ್ಲ. ಹೈಸ್ಕೂಲಿಗೆ ಬಂದಾಗ ಗೊತ್ತಾಯಿತು, ಇಂಗ್ಲಿಷಿನಲ್ಲಿ ಹೀಗೆ ನಡೆಯುವುದಿಲ್ಲ, ಪ್ರತಿಯೊಂದು ಖಾಲಿ ಜಾಗಕ್ಕೂ ಒಬ್ಬನೇ ಯಜಮಾನ, ಅವನು ಬರದಿದ್ದರೆ ಸೊನ್ನೆ.

ಐವತ್ತರ ದಶಕದ ಕೊನೆಯ ಮಾತು. ಯಲಹಂಕದ ಹೈಸ್ಕೂಲು. ಸುತ್ತಲಿನ ಹಳ್ಳಿಗಳಿಂದ ಹುಡುಗರು ನಡೆದು ಬರುತ್ತಿದ್ದರು. ನಮ್ಮ ಇಂಗ್ಲಿಷ್ ಮೇಷ್ಟ್ರು ಅಶ್ವತ್ಥಯ್ಯನವರು ಮಾತ್ರ ಯಶವಂತಪುರದಿಂದ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದರೆ ವ್ಯಾಕರಣವೂ ತಡ. ಶನಿವಾರದ ಟೆಸ್ಟಿನ ದಿನ ನಾವು ಕಿಟಕಿಯಲ್ಲಿ ಕತ್ತು ಚಾಚಿ ಸ್ಟೇಷನ್ ಕಡೆಯ ಹೊಗೆ ನೋಡುತ್ತಿದ್ದೆವು. ಹೊಗೆ ಕಾಣದಿದ್ದರೆ ಹಬ್ಬ. ಕಂಡರೆ, "ಬಂತು ಕಣ್ರೋ" ಎಂದು ಒಬ್ಬ ಸಾವಿನ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದ.

ಟೆಸ್ಟಿನಲ್ಲಿ ಅವರು ಕೇಳುತ್ತಿದ್ದ ಪದಗಳನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಹೆಣ್ಣು ನರಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ನಮಗೆ ಗೊತ್ತಿತ್ತು. ಹಿಮದ ಮೇಲೆ ಎಳೆಯುವ ಗಾಡಿಗೆ ಏನೆನ್ನುತ್ತಾರೆಂದು ಗೊತ್ತಿತ್ತು. ಹುರಳಿಗೆ ಏನೆನ್ನುತ್ತಾರೆಂದು ಗೊತ್ತಿರಲಿಲ್ಲ. ಸಿಂಹಗಳ ಗುಂಪಿಗೂ ಮೀನುಗಳ ಗುಂಪಿಗೂ ಬೇರೆ ಬೇರೆ ಹೆಸರು ಬಾಯಿಪಾಠ ಮಾಡುತ್ತಿದ್ದಾಗ ಒಮ್ಮೆ ನಿಜವಾದ ಕುರಿಹಿಂಡೊಂದು ಶಾಲೆಯ ಅಂಗಳಕ್ಕೇ ನುಗ್ಗಿತು. ಅದಕ್ಕೇನನ್ನುತ್ತಾರೆಂದು ಮೇಷ್ಟ್ರು ಕೇಳಿದರೆ ಇಡೀ ಕ್ಲಾಸು ಕುರಿಗಳನ್ನೇ ನೋಡುತ್ತ ಕೂತಿತು. ಕಣ್ಣೆದುರಿಗೆ ಇರುವುದಕ್ಕೂ ಇಂಗ್ಲಿಷಿನಲ್ಲಿ ಹೆಸರಿರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ನಲವತ್ತು ಹುಡುಗರ ಹಾಳೆ ತಿದ್ದಿ ಸಂಜೆಯ ರೈಲು ಹಿಡಿಯುವುದು ಮೇಷ್ಟ್ರಿಗೆ ಆಗದ ಕೆಲಸ. ಅದಕ್ಕೆ ಅವರು ಒಂದು ಪದ್ಧತಿ ಮಾಡಿದ್ದರು. ಗಂಟೆ ಹೊಡೆದ ತಕ್ಷಣ, "ಪೆನ್ ಕೆಳಗೆ, ಪೆನ್ಸಿಲ್ ಮೇಲೆ!" ಎಂದು ಕೂಗುವರು. ನಾವೆಲ್ಲ ಪೆನ್ನನ್ನು ಕಾಲ ಬಳಿ ನೆಲದ ಮೇಲಿಟ್ಟು, ಕೆಂಪು ಪೆನ್ಸಿಲಿನ ತುಂಡು ಕೈಗೆ ತೆಗೆದುಕೊಂಡು, ಪಕ್ಕದವನ ಜೊತೆ ಹಾಳೆ ಅದಲುಬದಲು ಮಾಡಿಕೊಳ್ಳಬೇಕು. ಮೇಷ್ಟ್ರು ಕಣ್ಣು ಮುಚ್ಚಿ ಉತ್ತರ ಹೇಳುತ್ತ ಹೋಗುವರು. ನಾವು ಸರಿ, ತಪ್ಪು ಗುರುತು ಹಾಕುವುದು. ಕೊನೆಗೆ ಹಾಳೆಯ ಕೆಳಗೆ 'ತಿದ್ದಿದವನು' ಎಂದು ಬರೆದು ಸಹಿ ಮಾಡಬೇಕು. ಆಮೇಲೆ ಹಾಳೆ ಬರೆದವನಿಗೆ ಒಂದು ಗಳಿಗೆ ವಾಪಸ್ಸು, ಅಂಕ ನೋಡಿಕೊಳ್ಳಲು. ಅಲ್ಲಿಂದ ಮೇಷ್ಟ್ರ ಚೀಲಕ್ಕೆ.

"ಸಹಿ ಅಂದ್ರೆ ಆಟ ಅಲ್ಲ ಕಣ್ರೋ," ಎನ್ನುತ್ತಿದ್ದರು. "ಬರೆದದ್ದು ಅವನು, ನೋಡಿದ್ದು ನಾನು, ಮಧ್ಯೆ ಬೇರೆ ಯಾವನೂ ಇಲ್ಲ ಅಂತ ಅರ್ಥ."

ನನ್ನ ಜೋಡಿ ಜಕ್ಕೂರಿನವನು. ಅವನ ಹೆಸರನ್ನು ನಾನು ಈಗಲೇ ಹೇಳುವುದಿಲ್ಲ. ಹೇಳಿಬಿಟ್ಟರೆ ಇನ್ನೊಂದು ಛತ್ರಿಯ ಪ್ರಬಂಧ ಬರೆಯಲು ಎದ್ದು ಹೋಗಿಬಿಟ್ಟೇನು. ಅವರ ಮನೆಯವರದು ದ್ರಾಕ್ಷಿ ತೋಟ, ತರಕಾರಿ. ಅವನ ಅಂಗೈಯಲ್ಲಿ ಯಾವಾಗಲೂ ಮಣ್ಣಿನ ಗೆರೆ. ಇಂಗ್ಲಿಷ್ ಅವನಿಗೆ ಕಷ್ಟ, ಆದರೆ ನಮ್ಮೆಲ್ಲರಿಗಿಂತ ಅದು ಬೇಕಾಗಿದ್ದವನು ಅವನೇ. ದ್ರಾಕ್ಷಿ ಬಳ್ಳಿಗೆ ಎಲೆಚುಕ್ಕೆ ಬಂದಾಗ ಅವರಪ್ಪ ಹೆಬ್ಬಾಳದಿಂದ ಔಷಧ ತರುತ್ತಿದ್ದರು. ಅದರ ಜೊತೆಯ ಚೀಟಿ ಇಂಗ್ಲಿಷಿನಲ್ಲಿರುತ್ತಿತ್ತು. ಒಂದು ಸಲ ಅದನ್ನು ಓದಲಾರದೆ ಜಾಸ್ತಿ ಹೊಡೆದು ಅರ್ಧ ಚಪ್ಪರ ಸುಟ್ಟುಹೋಯಿತಂತೆ. ಅವತ್ತಿನಿಂದ ಅವನಿಗೆ ಒಂದೇ ಹಟ. ಎಸ್ಸೆಸ್ಸೆಲ್ಸಿ ಪಾಸಾಗಬೇಕು, ಮುಂದೆ ಓದಿ ಹೆಬ್ಬಾಳದ ಕೃಷಿ ಕಾಲೇಜು ಸೇರಬೇಕು. ಅವರಪ್ಪನದು ಒಂದೇ ಷರತ್ತು: ಇದೇ ವರ್ಷ ಪರೀಕ್ಷೆಗೆ ಕೂರಬೇಕು, ಇಲ್ಲದಿದ್ದರೆ ತೋಟಕ್ಕೆ ಬರಬೇಕು.

ಜಕ್ಕೂರಿನಿಂದ ನಡೆದು ಬರುವಾಗ ಅವನು ಪದಗಳನ್ನು ಜೋರಾಗಿ ಹೇಳಿಕೊಳ್ಳುತ್ತಿದ್ದ. ಮೇಲೆ ಪುಟ್ಟ ವಿಮಾನ ಹಾರಿದರೆ ಅದರ ಸದ್ದು ಮುಗಿಯುವವರೆಗೆ ನಿಲ್ಲಿಸಿ, ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದ. ಅವನಲ್ಲಿ ಇನ್ನೊಂದು ವಿಚಿತ್ರ ಗುಣವಿತ್ತು. ಗೊತ್ತಿಲ್ಲದ ಉತ್ತರದ ಜಾಗವನ್ನು ಹಾಗೇ ಖಾಲಿ ಬಿಡುತ್ತಿದ್ದ. ನಾನು ಎಲ್ಲವನ್ನೂ ತುಂಬುತ್ತಿದ್ದೆ.

"ಏನಾದ್ರೂ ಬರಿಯೋ, ಅದೃಷ್ಟ ಇದ್ರೆ ಸಿಗುತ್ತೆ," ಎಂದರೆ, "ಗೊತ್ತಿಲ್ದೇ ಇರೋದ್ನ ಗೊತ್ತು ಅಂತ ಯಾಕ್ ಬರೀಬೇಕು?" ಎನ್ನುತ್ತಿದ್ದ. ನಾನಂತೂ ಆಮೇಲೆ ಇಡೀ ಜೀವನ ಕಚೇರಿಯಲ್ಲಿ ಅದನ್ನೇ ಮಾಡಿ ಬಡ್ತಿಯನ್ನೂ ಪಡೆದೆ.

ಆಗಿನ ನಮ್ಮ ಶಾಲೆಯಲ್ಲಿ ಎಲ್ಲರನ್ನೂ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಳಿಸುತ್ತಿರಲಿಲ್ಲ. ಮೇಷ್ಟ್ರುಗಳು ಒಪ್ಪಿದವರದ್ದು ಮಾತ್ರ 'ಸೆಲೆಕ್ಷನ್ ಲಿಸ್ಟ್'. ಇಂಗ್ಲಿಷಿಗೆ ಲಿಸ್ಟಿಗೆ ಮುಂಚಿನ ಕೊನೆಯ ಶನಿವಾರದ ಟೆಸ್ಟೇ ನಿರ್ಣಯ. ಇಪ್ಪತ್ತೈದಕ್ಕೆ ಒಂಬತ್ತು ಬಂದರೆ ಸಾಕು.

ಆ ಶನಿವಾರ ಅವನ ಹಾಳೆ ನನ್ನ ಕೈಗೆ ಬಂತು, ನನ್ನದು ಅವನ ಕೈಗೆ ಹೋಯಿತು. ಅವನು ಎಂದಿನಂತೆ ಎಷ್ಟೋ ಜಾಗ ಖಾಲಿ ಬಿಟ್ಟಿದ್ದ. ಮೇಷ್ಟ್ರು ಕಣ್ಣು ಮುಚ್ಚಿ ಉತ್ತರ ಹೇಳುತ್ತಿದ್ದರು. ನಾನು ಬೇಕೆಂದೇ ಕೆಂಪು ಪೆನ್ಸಿಲ್ ಬೀಳಿಸಿದೆ, ಎತ್ತಿಕೊಳ್ಳಲು ಬಗ್ಗಿ ಪೆನ್ನು ಎತ್ತಿಕೊಂಡೆ, ಎಡಗೈ ಮರೆಮಾಡಿ ಆ ಖಾಲಿ ಜಾಗಗಳಲ್ಲಿ ಎರಡನ್ನು ತುಂಬಿ, ಮುಂದೆ ಸರಿ ಗುರುತು ಹಾಕಿದೆ.

ಸ್ನೇಹಕ್ಕಾಗಿ ಮಾಡಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಮ್ಮ ಮನೆಯವಳಿಗೂ ಒಂದು ಸಲ ಹಾಗೆಯೇ ಹೇಳಿದ್ದೆ. ಪಾಪ, ಅವಳು ನನ್ನನ್ನು ದೊಡ್ಡ ಮನಸ್ಸಿನವನೆಂದುಕೊಂಡಳು. ನಿಮಗೆ ನಿಜ ಹೇಳುತ್ತೇನೆ. ನನ್ನ ಹಾಳೆ ಅವನ ಕೈಯಲ್ಲಿತ್ತು. ಕ್ಲಾಸಿನಲ್ಲಿ ಮೊದಲ ಮೂವರ ಹೆಸರನ್ನು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದರು, ಅದರಲ್ಲಿ ನನ್ನದು ಬರಬೇಕಿತ್ತು. ಬೆಂಚಿನ ಕೆಳಗೆ ಅವನ ಕಾಲು ತುಳಿದೆ.

"ಲೋ, ನಿನಗೆ ಎರಡು ಹಾಕಿದೀನಿ. ನೀನೂ ನೋಡ್ಕೊಂಡು ಹಾಕೋ."

ಅವನಿಗೆ ಅರ್ಥವಾಗಲಿಲ್ಲ, ಅಥವಾ ಅರ್ಧ ಅರ್ಥವಾಯಿತು. "ತಪ್ಪಿದ್ರೆ ತಪ್ಪು ಅಂತ್ಲೇ ಆಕು ಕಣೋ. ನಾನೂ ಅಂಗೇ ಆಕ್ತೀನಿ," ಎಂದ. ಹಾಗೆಯೇ ಹಾಕಿದ. ಹಾಳೆ ವಾಪಸ್ಸು ಬಂದಾಗ ನೋಡಿದರೆ, ನಾನು ಅದೃಷ್ಟ ನಂಬಿ ತುಂಬಿದ್ದ ಹನ್ನೊಂದು ಜಾಗಗಳ ಮೇಲೂ ಕೆಂಪು ಗೀಟು. ಹದಿನಾಲ್ಕು. ಕೆಳಗೆ ಗುಂಡಗೆ ಅವನ ಸಹಿ.

ಅವನೂ ತನ್ನ ಹಾಳೆ ನೋಡಿದ. "ಏನೋ ಇದು? ಇವೆರಡು ನಾನ್ ಬರ್ದಿಲ್ವಲ್ಲೋ," ಎಂದ. "ಸುಮ್ನಿರೋ, ಇಬ್ಬರಿಗೂ ಬೀಳುತ್ತೆ," ಎಂದೆ. ಅವನು ಬಾಯಿ ತೆರೆಯುವಷ್ಟರಲ್ಲಿ ರೈಲಿನ ಅವಸರದಲ್ಲಿದ್ದ ಮೇಷ್ಟ್ರು ಹಾಳೆ ಎಳೆದುಕೊಂಡು ಚೀಲಕ್ಕೆ ತುಂಬಿದರು.

ಆಗಿನ ನಮ್ಮ ಇಂಕಿನ ಬಗ್ಗೆ ಒಂದು ಮಾತು ಹೇಳಬೇಕು. ಎಲ್ಲರೂ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಇಂಕು ಮಾಡಿಕೊಳ್ಳುತ್ತಿದ್ದರು. ಅವನು ಒಂದು ಮಾತ್ರೆಯನ್ನು ಎರಡು ತಿಂಗಳು ನಡೆಸುತ್ತಿದ್ದ, ಹಾಗಾಗಿ ಅವನ ಅಕ್ಷರ ಬೆಳಗಿನ ಆಕಾಶದ ಬಣ್ಣ. ನನಗೆ ಚಿಕ್ಕಪ್ಪ ತಮ್ಮ ಕಚೇರಿಯಿಂದ ಕಡುನೀಲಿ ಇಂಕು ತಂದುಕೊಡುತ್ತಿದ್ದರು. ಅದರ ಮೇಲೆ ನನಗೆ ಬಹಳ ಜಂಬ. ಕಳ್ಳತನ ಮಾಡುವಾಗಲೂ ಒಳ್ಳೆಯ ಇಂಕಿನಲ್ಲೇ ಮಾಡುವಷ್ಟು ಜಂಬ.

ಸೋಮವಾರ ಮೇಷ್ಟ್ರು ಬಂದವರೇ ಅವನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಈ ಎರಡು ಪದ ಯಾರು ಬರೆದದ್ದು?"

"ನಾನಲ್ಲ ಸಾರ್."

"ಮತ್ತೆ? ಊರ ಮಾರಮ್ಮ ಬಂದು ಬರೆದ್ಲಾ?"

ಕ್ಲಾಸು ನಕ್ಕಿತು. ನಾನೂ ನಕ್ಕೆ ಎಂದು ಕಾಣುತ್ತದೆ. ಮೇಷ್ಟ್ರ ಲೆಕ್ಕಾಚಾರ ಸರಳವಾಗಿತ್ತು. ಹಾಳೆ ವಾಪಸ್ಸು ಕೊಟ್ಟ ಆ ಒಂದು ಗಳಿಗೆಯಲ್ಲಿ ಇವನು ಯಾರದೋ ಪೆನ್ನು ಕಿತ್ತುಕೊಂಡು ಖಾಲಿ ಜಾಗ ತುಂಬಿ, ತಾನೇ ಸರಿ ಗುರುತು ಹಾಕಿಕೊಂಡು, ಕೆಳಗಿನ ಮೊತ್ತವನ್ನೂ ತಿದ್ದಿಕೊಂಡಿದ್ದಾನೆ.

"ತಿದ್ದಿದವನು ಏಳು."

ಎದ್ದೆ.

"ನೀನು ತಿದ್ದುವಾಗ ಈ ಎರಡು ಪದ ಇದ್ವೇನೋ?"

ಅವನು ನನ್ನ ಕಡೆ ನೋಡಿದ. ಬೇಡುವ ನೋಟವಲ್ಲ. ಹೊಳೆಯ ದಡದಲ್ಲಿ ನಿಂತು, ಇನ್ನೊಬ್ಬ ದಾಟಿ ಬರಲೆಂದು ಕಾಯುವವನ ನೋಟ. ನಾನೇ ಹೇಳಲಿ ಎಂದು ಕಾದ. 'ಇವನೇ ಸಾರ್' ಎಂದು ಬೆರಳು ತೋರಿಸಬಹುದಿತ್ತು, ತೋರಿಸಲಿಲ್ಲ. ನನ್ನ ತಲೆಯಲ್ಲಿ ಆಗ ಎರಡು ಸಂಗತಿಗಳಿದ್ದವು. ಒಂದು, ಬೆತ್ತ. ಇನ್ನೊಂದು, ಆ ಹನ್ನೊಂದು ಕೆಂಪು ಗೀಟು. ಬೆತ್ತದ ಭಯ ದೊಡ್ಡದಿತ್ತು ಎಂದು ಹೇಳಿದರೆ ನೀವು ಕ್ಷಮಿಸುತ್ತೀರಿ. ಆದರೆ ದೊಡ್ಡದಾಗಿದ್ದದ್ದು ಗೀಟಿನ ಸಿಟ್ಟು.

"ನೆನಪಿಲ್ಲ ಸಾರ್," ಎಂದೆ.

ನಡುವೆ ಕಳೆದದ್ದು ಒಂದೇ ಒಂದು ಭಾನುವಾರ.

ಅವನ ಹಾಳೆಗೆ ಸೊನ್ನೆ ಬಿತ್ತು, ಲಿಸ್ಟಿನಿಂದ ಹೆಸರು ಬಿಟ್ಟುಹೋಯಿತು. ಎರಡು ದಿನದ ಮೇಲೆ ಅವರಪ್ಪ ರುಮಾಲು ಕೈಯಲ್ಲಿ ಹಿಡಿದು ವರಾಂಡದಲ್ಲಿ ನಿಂತಿದ್ದರು. "ನಮ್ಮುಡ್ಗ ಸುಳ್ಳೇಳೋನಲ್ಲ ಸೋಮಿ," ಎಂದು ಮೂರು ಸಲ ಹೇಳಿದರು. ಅಶ್ವತ್ಥಯ್ಯನವರು ಕೆಟ್ಟವರಲ್ಲ. "ಮುಂದಿನ ವರ್ಷ ಕೂರಲಿ ಯಜಮಾನರೇ, ಒಂದು ವರ್ಷ ತಾನೇ," ಎಂದರು. ಕಿಟಕಿಯ ಈಚೆ ಕೂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಆ ಒಂದು ವರ್ಷ ಬರಲಿಲ್ಲ. ಅವನು ತೋಟಕ್ಕೆ ಹೋದ.

ಇದರ ಮೇಲೆ ಒಂದು ವಿಷಯ ಹೇಳದಿದ್ದರೆ ಈ ತಪ್ಪೊಪ್ಪಿಗೆಯೂ ಅರ್ಧವಾಗುತ್ತದೆ. ಆ ಹಾಳೆಗೆ ನಾನು ಹಾಕಿದ್ದ ಮೊತ್ತ ಹನ್ನೆರಡು. ನನ್ನ ಎರಡು ಪದ ತೆಗೆದರೆ ಹತ್ತು. ಬೇಕಾಗಿದ್ದದ್ದು ಒಂಬತ್ತು. ಅವನು ತನ್ನಷ್ಟಕ್ಕೆ ತಾನೇ ಪಾಸಾಗಿದ್ದ. ಈ ಲೆಕ್ಕ ಅವತ್ತು ನನಗೆ ಹೊಳೆಯಲಿಲ್ಲ. ಹೊಳೆದದ್ದು ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಪಾಯಸ ಮಾಡಿದ ದಿನ, ಎರಡನೆಯ ಲೋಟ ಕುಡಿಯುವಾಗ.

ಪಕ್ಕದ ಜಾಗ ಖಾಲಿಯಾದ ಮೇಲೆ ನನಗೆ ಜೋಡಿ ಇಲ್ಲದೆ, ಉಳಿದ ಶನಿವಾರಗಳಲ್ಲಿ ನನ್ನ ಹಾಳೆಯನ್ನು ಮೇಷ್ಟ್ರೇ ತಿದ್ದಿದರು. ಒಂದು ಸಲ ಹದಿಮೂರು, ಒಂದು ಸಲ ಹದಿನಾಲ್ಕು. ಜಕ್ಕೂರಿನವನ ಲೆಕ್ಕಕ್ಕೂ ಮೇಷ್ಟ್ರ ಲೆಕ್ಕಕ್ಕೂ ಹೆಚ್ಚು ಕಡಿಮೆಯೇ ಇರಲಿಲ್ಲ.

ಅರವತ್ತರ ದಶಕದ ನಡುವೆ ನಾನು ಯಶವಂತಪುರದ ಕಡೆ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತೋಟದ ಪಂಪ್‌ಸೆಟ್ಟಿಗೆ ಕರೆಂಟು ಬೇಕೆಂದು ರೈತರು ಅರ್ಜಿ ತರುತ್ತಿದ್ದರು. ಅರ್ಜಿಯ ಫಾರಂ ಪೂರ್ತಿ ಇಂಗ್ಲಿಷಿನಲ್ಲಿ, ಪೂರ್ತಿ ಬಿಟ್ಟ ಸ್ಥಳ. ತುಂಬಿಕೊಡುವುದು ನಮ್ಮ ಕೆಲಸ, ಸ್ವಲ್ಪ ಗತ್ತಿನ ಕೆಲಸ. ಒಂದು ಬೆಳಿಗ್ಗೆ ಕೌಂಟರಿನ ಆಚೆಯಿಂದ ದನಿ ಬಂತು.

"ಏನ್ ಗುಮಾಸ್ತರೇ, ಗುರ್ತು ಸಿಕ್ತಾ?"

ಮೀಸೆ ಬಂದಿತ್ತು, ಭುಜ ಅಗಲವಾಗಿತ್ತು. ಅಂಗೈಯ ಮಣ್ಣಿನ ಗೆರೆ ಹಾಗೇ ಇತ್ತು. "ಏನಯ್ಯ, ಇಷ್ಟು ದೂರ?" ಎಂದೆ. ಜಕ್ಕೂರು ದೂರವೆಂದು ಹೇಳಿದ ಮೊದಲನೆಯ ಮನುಷ್ಯ ನಾನೇ ಇರಬೇಕು.

ಅವನು ಫಾರಂ ಮುಂದಕ್ಕೆ ತಳ್ಳಿದ. ನಾನು ಗತ್ತಿನಿಂದ ಪೆನ್ನು ತೆರೆದು ನೋಡಿದರೆ ಫಾರಂ ತುಂಬಿತ್ತು. ಸರ್ವೆ ನಂಬರು, ಬಾವಿಯ ಆಳ, ಬೆಳೆ, ಎಲ್ಲ ಇಂಗ್ಲಿಷಿನಲ್ಲಿ, ಗುಂಡಗೆ, ಒಂದು ತಪ್ಪಿಲ್ಲದೆ. ನಮ್ಮ ಹೆಡ್‌ಕ್ಲಾರ್ಕ್ ಬರೆಯುತ್ತಿದ್ದದ್ದಕ್ಕಿಂತ ಚೆನ್ನಾಗಿ. ಕೊನೆಯಲ್ಲಿ ಮಾತ್ರ ಎರಡು ಜಾಗ ಖಾಲಿ. ಊರು ಮತ್ತು ತಾರೀಖು.

"ಎಲ್ಡು ಬಿಟ್ಟಿವ್ನಿ," ಎಂದ. "ನೀನೇ ತುಂಬು. ನಿಂಗೆ ಅಭ್ಯಾಸ ಐತಲ್ಲ."

ಹಿಂದೆ ಸಾಲು ಬೆಳೆದಿತ್ತು. "ಬೇಗ ಮುಗಿಸ್ರೀ, ಬಸ್ ಹೋಗುತ್ತೆ," ಎಂದು ಯಾರೋ ಗೊಣಗಿದರು. ನಾನು ತುಂಬಿದೆ. ಅವನ ತೆಳು ಅಕ್ಷರಗಳ ಕೆಳಗೆ ನನ್ನ ಕಡುನೀಲಿ ಮತ್ತೆ ಎದ್ದು ಕಂಡಿತು. ಅವನು ಫಾರಂ ಎತ್ತಿ, ಇಂಕು ಒಣಗಲೆಂದು ಉಫ್ ಎಂದು ಊದಿ, ವಾಪಸ್ಸು ಕೊಟ್ಟ.

"ಈ ಸಲಾನಾರ ನೆನ್ಪಿಟ್ಕ ಕಣಪ್ಪ," ಎಂದು ನಕ್ಕು ಹೊರಟುಹೋದ.

ಸಿಟ್ಟಿನ ನಗುವಾಗಿದ್ದರೆ ಅವತ್ತೇ ಸಾಲು ದಾಟಿ ಓಡಿಹೋಗಿ ಕೈ ಹಿಡಿದುಕೊಂಡುಬಿಡುತ್ತಿದ್ದೆ. ಸಿಟ್ಟಾದವರ ಕ್ಷಮೆ ಕೇಳುವುದು ಸುಲಭ. ಅವನದು ಹಳೆಯ ಗೆಳೆಯನ ನಗು. ಸಾಲು ಮುಗಿಯಲಿ ಎಂದುಕೊಂಡೆ. ಅದು ಮುಗಿಯುವ ಹೊತ್ತಿಗೆ ಅವನ ಸೈಕಲ್ಲು ಹೋಗಿತ್ತು. ಮುಂದಿನ ವಾರ ಹೋದರಾಯಿತು ಎಂದುಕೊಂಡೆ. ಆ ವಾರ ಬಂದು ಹೋಗಿ ಈಗ ಐವತ್ತು ವರ್ಷದ ಮೇಲಾಯಿತು. ಆಮೇಲೂ ಅವನನ್ನು ನೋಡಿದ್ದೇನೆ. ಮದುವೆಮನೆಯಲ್ಲಿ ಎದುರು ಸಾಲಿನ ಎಲೆಯಲ್ಲಿ, ಹೆಬ್ಬಾಳದ ಬಸ್ ನಿಲ್ದಾಣದಲ್ಲಿ. ಪ್ರತಿ ಸಲವೂ ಯಾವುದೋ ಒಂದು ಸಾಲು ನಡುವೆ ಇತ್ತು.

ವಯಸ್ಸು ಎಂಬುದು ಬಹಳ ಕುಚೋದ್ಯದ ಮೇಷ್ಟ್ರು. ಈಗ ಮನೆಯಲ್ಲಿ ಯಾರು ಏನು ಕೇಳಿದರೂ ನನ್ನ ಉತ್ತರ ಒಂದೇ. ಮಾತ್ರೆ ತಗೊಂಡ್ರಾ? ನೆನಪಿಲ್ಲ. ಕನ್ನಡಕ ಎಲ್ಲಿಟ್ರಿ? ನೆನಪಿಲ್ಲ. ಬೆಳಿಗ್ಗೆ ಬಂದಿದ್ದವರು ಯಾರು? ನೆನಪಿಲ್ಲ. ಎಲ್ಲವೂ ಸತ್ಯ, ದೇವರಾಣೆ ಸತ್ಯ. ಆ ಎರಡು ಪದಗಳು ಮಾತ್ರ ಕಾಗುಣಿತದ ಸಮೇತ ನೆನಪಿವೆ. ಮೊಮ್ಮಗಳು ಕೇಳಿದರೆ ಈಗಲೂ ಅವೆರಡನ್ನು ತಪ್ಪಿಲ್ಲದೆ ಹೇಳಬಲ್ಲೆ. ಅವಳ ಟೆಸ್ಟಿನಲ್ಲಿ ಅವು ಬರುವುದಿಲ್ಲ.

ಅವಳು ಫೋನು ಮಡಿಲಲ್ಲಿಟ್ಟುಕೊಂಡು ಹೇಳಿದಳು: "ಇದ್ರಲ್ಲಿ ಕಾಪಿ ಮಾಡೋಕಾಗಲ್ಲ ತಾತ. ಮೆಷಿನ್ನೇ ಕರೆಕ್ಟ್ ಮಾಡುತ್ತೆ." ಒಳ್ಳೆಯದೇ ಆಯಿತು ಎಂದುಕೊಂಡೆ. ಆದರೆ ಪಕ್ಕದವನ ಹಾಳೆ ಕೈಗೆ ಬಂದಾಗ ಒಂದು ಗಳಿಗೆ ಅವನ ಇಡೀ ವರ್ಷವನ್ನು ಕೈಯಲ್ಲಿ ಹಿಡಿದಿದ್ದೇವೆ ಎಂಬುದು ಮೆಷಿನ್ನಿಗೆ ಗೊತ್ತಾಗುವುದಿಲ್ಲ. ನಮಗೆ ಗೊತ್ತಾಗಬೇಕಿತ್ತು. ಅಶ್ವತ್ಥಯ್ಯನವರ ನಿಜವಾದ ಟೆಸ್ಟು ಗಂಟೆ ಹೊಡೆದ ಮೇಲೆ ಶುರುವಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ವ್ಯಾಕರಣದಲ್ಲಿ ನನಗೆ ಹದಿನಾಲ್ಕು. ಆ ಇನ್ನೊಂದರಲ್ಲಿ ಎಷ್ಟೆಂದು ಕೇಳಬೇಡಿ.

ಅವನು ಜಕ್ಕೂರಿನಲ್ಲೇ ಇದ್ದಾನಂತೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಕೋಲೂರಿಕೊಂಡು ನಡೆಯುತ್ತಾನಂತೆ. ತೋಟದ ಜಾಗದಲ್ಲಿ ಮಕ್ಕಳು ಮನೆಗಳನ್ನು ಕಟ್ಟಿಸಿದ್ದಾರೆ. ಬಾಡಿಗೆಯ ಕರಾರು ಇಂಗ್ಲಿಷಿನಲ್ಲಿ ಬಂದರೆ ಅವನು ಪ್ರತಿ ಸಾಲೂ ಓದದೆ ಸಹಿ ಮಾಡುವುದಿಲ್ಲವಂತೆ. ಇದೆಲ್ಲ ಹೇಳಿದ್ದು ನಮ್ಮ ಬೀದಿಗೆ ಸೊಪ್ಪು ತರುವ ಹೆಂಗಸು, ಅವಳೂ ಆ ಊರಿನವಳು. ನಾಳೆ ಬಂದು ಹೋಗುವಾಗ ಒಂದು ಕವರು ಒಯ್ಯಲು ಹೇಳಿದ್ದೇನೆ. ಆಗಲಿ ಎಂದಿದ್ದಾಳೆ.

ಆ ಕವರಿನಲ್ಲಿ ಇರುವುದು ಈ ಹಾಳೆಗಳೇ. ಕೊನೆಯ ಹಾಳೆಯ ಕೆಳಗೆ ಮೇಷ್ಟ್ರ ಪದ್ಧತಿಯಂತೆ 'ತಿದ್ದಿದವನು' ಎಂದು ಬರೆದು ಮುಂದೆ ಒಂದು ಗೆರೆ ಎಳೆದಿದ್ದೇನೆ. ಕವರಿನೊಳಗೆ ಒಂದು ಕೆಂಪು ಪೆನ್ಸಿಲ್ ಇಟ್ಟಿದ್ದೇನೆ. ತಪ್ಪಿದ್ದಲ್ಲೆಲ್ಲ ತಪ್ಪೆಂದೇ ಹಾಕಲಿ, ನಾನು ಈ ಸಲ ಕಾಲು ತುಳಿಯುವುದಿಲ್ಲ. ಪೆನ್ನನ್ನು ಆಗಲೇ ಕೆಳಗಿಟ್ಟಿದ್ದೇನೆ. ಆ ಗೆರೆಯನ್ನು ನಾನು ತುಂಬುವ ಹಾಗಿಲ್ಲ. ಅದು ಮುನಿನಂಜಪ್ಪನ ಜಾಗ.